ಗಡ್ಡಪ್ಪನ ನಡಿಗೆ

ಅಡುಗೆಮನೆಯ ಒಲೆಯ ನಟ್ಟನಡುವಿನಿಂದ ಒಂದು ಮರ ಎದ್ದಿತ್ತು. ಸಣ್ಣಪುಟ್ಟ ಗಿಡವಲ್ಲ, ತೆಕ್ಕೆಗೆ ಸಿಗದಷ್ಟು ದಪ್ಪ ಕಾಂಡ, ಚಾವಣಿಯನ್ನು ಸೀಳಿಕೊಂಡು ಹೋಗಿ ಮೇಲೆ ಹಳದಿ ಹೂ ಬಿಟ್ಟಿತ್ತು. ಒಲೆಯ ಬೆಂಕಿ ಮಾತ್ರ ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಕಾಂಡದೊಳಗೇ ಉರಿಯುತ್ತಿತ್ತು. ಲಿಫ್ಟಿನವನು ಮೌಸ್ ಬಿಟ್ಟು ತಲೆಯ ಮೇಲೆ ಕೈಯಿಟ್ಟುಕೊಂಡ.

ಲಿಫ್ಟ್ ರಿಪೇರಿ ಅವನ ಕಸುಬು. ಲಿಫ್ಟ್ ಕೆಟ್ಟಾಗಲೇ ತಾನೆ ಅವನಿಗೆ ಕರೆ ಬರುವುದು. ಹಾಗಾಗಿ ಜೀವಮಾನವಿಡೀ ಮೆಟ್ಟಿಲು ಹತ್ತಿ ಮಂಡಿ ಸವೆಸಿಕೊಂಡವನು. ಐವತ್ತು ದಾಟಿದ ಗಂಡಸು ಕೆಲಸದಿಂದ ಬಂದು, ಕೈಕಾಲು ತೊಳೆದು, ಕಂಪ್ಯೂಟರ್ ಮುಂದೆ ಕೂತು ಡ್ರ್ಯಾಗನ್ನುಗಳ ನಾಡಿನಲ್ಲಿ ಮನೆ ರಿಪೇರಿ ಮಾಡುತ್ತಾನೆಂದರೆ ಯಾರಿಗಾದರೂ ನಗು ಬರುತ್ತದೆ. ನಗಲಿ. ಆ ಮನೆ ಅವನದಲ್ಲ, ಅವನ ಹೆಂಡತಿಯದು.

ಈ ಆಟ ಮನೆಗೆ ಬಂದದ್ದು ಅವಳು ಕಾಯಿಲೆ ಬಿದ್ದ ವರ್ಷ. ಆಸ್ಪತ್ರೆಯಲ್ಲಿ ನರಕ್ಕೆ ಸೂಜಿ ಚುಚ್ಚಿ ಹನಿಹನಿಯಾಗಿ ಔಷಧಿ ಇಳಿಸಿ ಕಳಿಸುತ್ತಿದ್ದರು. ಆಮೇಲೆ ವಾರಗಟ್ಟಲೆ ಹಾಸಿಗೆ. ಓದಿದರೆ ತಲೆನೋವು, ಟಿವಿ ಹಾಕಿದರೆ ಸಿಟ್ಟು, ನೋಡಲು ಬಂದವರ ಅಯ್ಯೋ ಪಾಪ ಕೇಳಿದರೆ ಇನ್ನೂ ಸಿಟ್ಟು. ಜೊತೆಯ ಕೆಲಸಗಾರನೊಬ್ಬ ಈ ಆಟ ಕೊಟ್ಟಿದ್ದ. ಕತ್ತಿ ಹಿಡಿದು ಹೋರಾಡಬೇಕಂತೆ ಎಂದು ಲಿಫ್ಟಿನವನು ಹಿಂಜರಿಯುತ್ತಲೇ ತೋರಿಸಿದ. ಅವಳು ದಿಂಬಿಗೆ ಒರಗಿ ಪರದೆಯ ಮೇಲಿನ ಬೆಟ್ಟಗಳನ್ನು ನೋಡಿದಳು.

"ಹೋರಾಟ ಯಾರಿಗೆ ಬೇಕು ರೀ? ಆ ಬೆಟ್ಟದ ಹಿಂದೆ ಏನಿದೆ ಅಂತ ನೋಡ್ಕೊಂಡು ಬರೋಣ."

ಕಣ್ಣಿಗೆ ಕಂಡ ಕಡೆಗೆಲ್ಲ ಹೋಗಬಹುದಾದ ಆಟ ಅದು. ಗೋಡೆ ಹಿಡಿಯದೆ ಬಚ್ಚಲಿಗೂ ಹೋಗಲಾಗದ ಹೆಂಗಸು ಅಲ್ಲಿ ಹೊಳೆ ದಾಟಿದಳು, ಹಿಮ ತುಳಿದಳು, ಪರರ ತೋಟದಲ್ಲಿ ಎಲೆಕೋಸು ಕದ್ದಳು. ಪಕ್ಕದ ಕುರ್ಚಿಯಲ್ಲಿ ಅವನು. ಏರು ಬಂದರೆ ಇವನೇ ಉಸಿರು ಬಿಗಿಹಿಡಿಯುತ್ತಿದ್ದ.

ತೊಂದರೆಯಾದದ್ದು ಮೊದಲ ಗುಹೆಯಲ್ಲಿ. ಎಮ್ಮೆಯಷ್ಟು ದೊಡ್ಡ ಜೇಡ ಮೇಲಿನಿಂದ ಇಳಿಯಿತು. ಅವಳಿಗೆ ಜೇಡವೆಂದರೆ ಹುಟ್ಟಾ ಭಯ, ಕೀಬೋರ್ಡನ್ನೇ ತಳ್ಳಿಬಿಟ್ಟಳು. ಅದಕ್ಕೇ ಅವನು ಮಾಡ್ ಎಂಬ ವಿದ್ಯೆ ಕಲಿತದ್ದು. ಆಟ ಮಾಡಿದ ಕಂಪನಿಯವರಲ್ಲ, ಆಡುವವರೇ ಬರೆದು ಹಂಚಿಕೊಳ್ಳುವ ತೇಪೆಗಳು ಅವು. ಹಾಕಿದರೆ ಆಟದ ಲೋಕ ಅಷ್ಟರಮಟ್ಟಿಗೆ ಬದಲಾಗುತ್ತದೆ. ಒಂದು ತೇಪೆ ಹಾಕಿದ. ಮರುದಿನ ಅದೇ ಗುಹೆಯಲ್ಲಿ ಚಾವಣಿಯಿಂದ ದಾರ ಹಿಡಿದು ಒಂದು ಭಾರೀ ಕೋಳಿ ಇಳಿದುಬಂದು ಅವಳ ಮೇಲೆ ವಿಷ ಉಗುಳಿತು. ಅವಳು ಕೆಮ್ಮು ಬರುವವರೆಗೆ ನಕ್ಕಳು. ಆ ಮನೆಯಲ್ಲಿ ನಗು ಕೇಳಿ ಎಷ್ಟು ಕಾಲವಾಗಿತ್ತೋ.

ಅಲ್ಲಿಂದ ಅವನಿಗೆ ಹುಚ್ಚು ಹಿಡಿಯಿತು. ಅವಳ ಕುದುರೆ ಸಾಯದಂತೆ ಒಂದು ಮಾಡ್. ಕೆರೆಯ ಪಕ್ಕ ಮನೆಗೆ ಒಂದು. ಆಟದಲ್ಲಿ ಸಂಜೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುತ್ತದೆಂದು ಅವಳು ಬೇಸರಪಟ್ಟಾಗ, ಕಾಲವನ್ನೇ ನಿಧಾನ ಮಾಡುವ ಒಂದು. ಆಮೇಲೆ ಅಲ್ಲಿಯ ಸೂರ್ಯ ಇವರು ಸಾಕೆನ್ನುವವರೆಗೂ ಬೆಟ್ಟದ ಮೇಲೇ ಕೂತಿರುತ್ತಿದ್ದ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮ ತಪ್ಪಿದರೆ ಆಟ ಮುಗ್ಗರಿಸುತ್ತದೆ. ಅದು ಅವನಿಗೆ ಬೇಗ ಹತ್ತಿತು. ಬಾಗಿಲು ಮುಚ್ಚದೆ ಮೋಟಾರು ತಿರುಗಬಾರದೆಂದು ಲಿಫ್ಟಿನವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಗಡ್ಡಪ್ಪನ ಕಾಲಿಗೆ ಹಾಕಿದ ಮಾಡ್ ಮಾತ್ರ ಅವನ ಸ್ವಂತದ್ದು. ಗಡ್ಡಪ್ಪನೆಂದರೆ ಆಟದಲ್ಲಿ ಅವಳ ಜೊತೆ ಬರುವ ಸಿಪಾಯಿ, ಹೆಸರು ಅವಳಿಟ್ಟದ್ದು. ಅವನದು ಒಂದೋ ಓಟ, ಇಲ್ಲವೇ ಬಂಡೆಗೆ ಸಿಕ್ಕಿಕೊಂಡು ನಿಲ್ಲುವುದು. "ಜೊತೆಗೆ ಬರೋನು ಅಂದ್ಮೇಲೆ ಜೊತೆಗೆ ಬರಬೇಕಪ್ಪ," ಎಂದು ಅವಳು ಗೊಣಗಿದಳು. ಅದಕ್ಕೆ ಸಿದ್ಧ ಮಾಡ್ ಎಲ್ಲೂ ಸಿಗಲಿಲ್ಲ. ಲಿಫ್ಟಿನವನೇ ತಡವರಿಸುತ್ತ, ಗೊತ್ತಿದ್ದವರನ್ನು ಕೇಳುತ್ತ ಬರೆದ. ಕೊನೆಗೂ ಕೂಡಿಬಂತು: ಅವಳು ನಡೆದರೆ ಗಡ್ಡಪ್ಪ ನಡೆಯುತ್ತಿದ್ದ, ಅವಳು ನಿಧಾನಿಸಿದರೆ ಅವನೂ ನಿಧಾನಿಸುತ್ತಿದ್ದ, ಅವಳು ನಿಂತರೆ ನಿಲ್ಲುತ್ತಿದ್ದ.

ಆಮೇಲೆ ಅವಳು ಗುಣವಾದಳು. ಕೂದಲು ಮೊದಲಿಗಿಂತ ದಟ್ಟವಾಗಿ ಬಂತು. ಕನ್ನಡಕದ ಅಂಗಡಿಯ ಕೆಲಸಕ್ಕೆ ಮತ್ತೆ ಹೋಗತೊಡಗಿದಳು. ಸಂಜೆ ಅಕ್ಕಪಕ್ಕದ ಇಬ್ಬರು ಹೆಂಗಸರ ಜೊತೆ ವಾಕಿಂಗು. ಅವನಿಗೆ ಸಂತೋಷವಾಗಲಿಲ್ಲವೆಂದಲ್ಲ, ಡಾಕ್ಟರು ಇನ್ನು ಬರಬೇಕಾಗಿಲ್ಲವೆಂದ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತವನು ಅವನೇ. ಆದರೆ ಪಕ್ಕದ ಕುರ್ಚಿಯ ಮೇಲೆ ಈಗ ಒಣಗಿದ ಬಟ್ಟೆ ಬೀಳುತ್ತಿತ್ತು. ಅವನಿಗೆ ಆ ದಿನಗಳು ಬೇಕಾಗಿದ್ದವು. ಕಾಯಿಲೆ ಬೇಡ, ದಿನಗಳು ಬೇಕು. ಇದನ್ನು ಯಾರ ಮುಂದೆ ಬಾಯಿಬಿಟ್ಟು ಹೇಳುವುದು?

ಹೇಳಲಾಗದವನು ಮಾಡ್ ಹಾಕುತ್ತ ಹೋದ. ಹೊಸ ನಕ್ಷತ್ರ, ಹೊಸ ಮೋಡ, ಕೆರೆಯಲ್ಲಿ ಮೀನು. ಪ್ರತಿ ಸಲ ಕೂಗಿ ಕರೆಯುತ್ತಿದ್ದ. ಅವಳು ಚಪ್ಪಲಿ ಮೆಟ್ಟುತ್ತ ಬಾಗಿಲಿನಿಂದಲೇ ನೋಡಿ, ಚೆನ್ನಾಗಿದೆ ಎಂದು ಹೋಗಿಬಿಡುತ್ತಿದ್ದಳು. ಕೊನೆಗೆ ಒಂದಿಡೀ ಹೂವಿನ ಕಣಿವೆಯನ್ನೇ ತಂದು ಹಾಕಿದ. ಕಣಿವೆ ಮಾಡಿದ ಪುಣ್ಯಾತ್ಮನಿಗೆ ಅಲ್ಲೊಂದು ಮನೆಯಿದೆಯೆಂದು ಏನು ಗೊತ್ತು? ಒಂದೇ ಜಾಗಕ್ಕೆ ಎರಡು ಮಾಡ್ ಹಕ್ಕು ಹೂಡಿದ್ದರಿಂದ ಒಲೆಯಲ್ಲಿ ಮರ ಎದ್ದಿತ್ತು.

ಆ ಮರವನ್ನು ಅವನು ಕೀಳಲಿಲ್ಲ. ದಿನಾ ಸಂಜೆ ಕೂತು ಅದನ್ನು ಇಂಚಿಂಚಾಗಿ ಸರಿಸಿ, ಅವಳು ಯಾವಾಗಲೂ ನಿಂತು ಕೆರೆ ನೋಡುತ್ತಿದ್ದ ಕಿಟಕಿಯ ಹೊರಗೆ ತಂದು ನಿಲ್ಲಿಸಿದ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಕುರ್ಚಿಯ ಮೇಲಿನ ಬಟ್ಟೆ ತೆಗೆದು, ಒಂದೈದು ನಿಮಿಷ ಕೂತುಕೋ ಎಂದ. ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂತಳು.

ಪರದೆ ಕಪ್ಪಾಗಿ, ಆಟದ ಸಂಗೀತ ಮೆಲ್ಲಗೆ ಶುರುವಾಯಿತು. ಕೆರೆ ಕಂಡಿತು, ಮನೆ ಕಂಡಿತು, ಕಿಟಕಿಯಾಚೆ ಹಳದಿ ಹೂ ಉದುರುತ್ತಿತ್ತು. ಅವನು ಅವಳ ಮುಖದ ಕಡೆ ತಿರುಗಿದ. ಅವಳು ಹೊಟ್ಟೆಯ ಮೇಲೆ ಕೈ ಒತ್ತಿ ಹಿಡಿದಿದ್ದಳು. ಆಮೇಲೆ ಎದ್ದು ಸರಸರ ಬಚ್ಚಲಿಗೆ ಹೋದಳು. ನಲ್ಲಿಯ ಸದ್ದು ಬಹಳ ಹೊತ್ತು ಕೇಳಿತು.

ಒದ್ದೆ ಮುಖದಲ್ಲಿ ತಿರುಗಿ ಬಂದವಳನ್ನು, ಊಟ ಸೇರಲಿಲ್ಲವೇ ಎಂದು ಗಾಬರಿಯಿಂದ ಕೇಳಿದ.

"ಊಟ ಅಲ್ಲ. ಆ ಸಂಗೀತ ರೀ. ಅದು ಶುರುವಾದ್ರೆ ಬಾಯಲ್ಲಿ ಔಷಧಿ ರುಚಿ ಬರುತ್ತೆ. ತುಕ್ಕು ನೆಕ್ಕಿದ ಹಾಗೆ."

"ಸಂಗೀತ ತೆಗೆದುಬಿಡೋಣ. ಅದಕ್ಕೂ ಒಂದು ಮಾಡ್ ಇದೆ," ಎಂದ. ರಿಪೇರಿಯವನ ಬುದ್ಧಿ.

ಅವಳು ಸಣ್ಣಗೆ ನಕ್ಕು ಅವನ ಪಕ್ಕ ಕೂತಳು. "ಕುದುರೆ ಸದ್ದು? ಹಿಮ? ಆ ಕೆರೆ? ನೋಡಿದ್ದಕ್ಕೆಲ್ಲ ಅದೇ ರುಚಿ. ಎಷ್ಟು ಅಂತ ತೆಗೀತೀರಿ?"

ಮೊದಲೇ ಯಾಕೆ ಹೇಳಲಿಲ್ಲವೆಂದು ಅವನು ಕೇಳಿದ. ಅಷ್ಟು ಆಸೆಯಿಂದ ಮಾಡುವವರಿಗೆ ಹೇಗೆ ಹೇಳುವುದೆಂದು ಅವಳು ತಲೆ ತಗ್ಗಿಸಿದಳು. ಆಮೇಲೆ ಅವನ ಮಂಡಿಯ ಮೇಲೆ ಕೈಯಿಟ್ಟಳು.

"ನೀವು ಪಕ್ಕದಲ್ಲಿ ಇಲ್ದೇ ಇದ್ದಿದ್ರೆ ಆ ದಿನಗಳನ್ನ ನಾನು ಕಳೀತಾನೇ ಇರ್ಲಿಲ್ಲ. ಆದ್ರೆ ಮತ್ತೆ ಅಲ್ಲಿಗೆ ಹೋಗೋಕೆ ನನ್ನ ಕೈಲಿ ಆಗಲ್ಲ ರೀ."

ನನಗೆ ಅಲ್ಲಿಗೇ ಹೋಗಬೇಕು ಅನ್ನಿಸುತ್ತೆ ಕಣೇ ಎಂಬ ಮಾತು ಅವನ ಗಂಟಲಿನವರೆಗೆ ಬಂತು. ಸಾವಿನ ಬಾಗಿಲು ನೋಡಿ ಬಂದವಳಿಗೆ ಹಾಗೆ ಹೇಳುವುದುಂಟೇ? ನುಂಗಿಕೊಂಡು, ಹೋಗಲಿ ಬಿಡು ಎಂದ.

ಸಂಜೆ ಅವಳು ವಾಕಿಂಗಿಗೆ ಹೊರಟಳು. ಗೇಟಿನ ಸದ್ದಾದ ಮೇಲೆ ಅವನು ಮತ್ತೆ ಪರದೆಯ ಮುಂದೆ ಕೂತ. ಕಾಲವನ್ನು ನಿಧಾನ ಮಾಡುವ ಆ ಒಂದು ಮಾಡ್ ತೆಗೆದು ಆಟ ತೆರೆದ. ಹಿಂದೆ ಇದ್ದ ಏನೋ ಒಂದು ಈಗ ಇಲ್ಲ, ಆದರೂ ಮುಂದುವರಿಯಬೇಕೇ ಎಂದು ಪರದೆ ಕೇಳಿತು. ಅವನು ಹೌದು ಒತ್ತಿದ.

ಕೆರೆಯ ದಂಡೆಯಲ್ಲಿ ಗಡ್ಡಪ್ಪ ಅಪ್ಪಣೆಗೆ ಕಾಯುತ್ತ ನಿಂತಿದ್ದ. ಅಷ್ಟು ಕಾಲ ಬೆಟ್ಟದ ಮೇಲೇ ಇದ್ದ ಸೂರ್ಯ ಕದಲಿದ. ಮರದ ನೆರಳು ಮನೆಯ ಗೋಡೆ ಹತ್ತಿತು, ನೀರು ಕೆಂಪಾಗಿ, ಬೂದುಬಣ್ಣಕ್ಕೆ ತಿರುಗಿ, ಕಪ್ಪಾಯಿತು. ಅವನು ಕಣ್ಣೊರೆಸಿಕೊಂಡು ಕಂಪ್ಯೂಟರ್ ಆರಿಸಿ, ಚಪ್ಪಲಿ ಹುಡುಕಿದ.

ಹೊರಗೆ ಇನ್ನೂ ಬೆಳಕಿತ್ತು. ಜೊತೆಯ ಹೆಂಗಸರು ಅಂದು ಬಂದಿರಲಿಲ್ಲ. ಅವಳೊಬ್ಬಳೇ ಕೈಬೀಸಿಕೊಂಡು ಬೇಕರಿ ದಾಟಿ ಹೋಗುತ್ತಿದ್ದಳು. ಎಂಥ ನಡಿಗೆ! ಅವನು ಅರ್ಧ ಓಡಿ, ಅರ್ಧ ಕುಂಟಿ ಅವಳನ್ನು ಮುಟ್ಟುವಷ್ಟರಲ್ಲಿ ಏದುಸಿರು ಬಂದಿತ್ತು. ಅವಳು ಅವನನ್ನು, ಅವನ ಮಂಡಿಯನ್ನು ನೋಡಿದಳು. ಬಂದ್ರಾ ಎಂದಷ್ಟೇ ಹೇಳಿ ಮುಂದೆ ನಡೆದಳು.

ತಿರುವಿನ ಏರಿನಲ್ಲಿ ಅವನು ಮತ್ತೆ ಹಿಂದೆ ಬಿದ್ದ. ಅವಳು ಬಾಗಿಲು ಮುಚ್ಚಿದ ಒಂದು ಅಂಗಡಿಯ ಮುಂದೆ ನಿಂತು, ಓದಲು ಏನೂ ಇಲ್ಲದ ಬೋರ್ಡನ್ನು ಓದುತ್ತಿದ್ದಳು. ಅವನು ಬಂದು ಸೇರಿದ ಮೇಲೆ ಹೊರಟಳು, ಈ ಸಲ ಮೆಲ್ಲಗೆ. ಅವನು ನಿಧಾನಿಸಿದ, ಅವಳ ಹೆಜ್ಜೆಯೂ ನಿಧಾನವಾಯಿತು. ಸ್ವಲ್ಪ ದೂರದಲ್ಲಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳಲು ಅವನು ಬಗ್ಗಿದ. ಅವಳು ನಿಂತಳು.