ಹುಲ್ಲಿನ ವಾಸನೆ ಹಿಡಿದು ಬರುವ ಮರಿಗಳು

ಅಪ್ಪ ನಾಳೆ ಒಂದು ತಪ್ಪು ಕೆಲಸ ಮಾಡಲಿದ್ದಾರೆ. ಗುರುವಾರ ಸಂಜೆ ಡೈರಿಯಲ್ಲಿ ಇಷ್ಟು ಬರೆದು ನಿಲ್ಲಿಸಿದೆ. ಕೆಳಗೆ ಬರೆಯಬೇಕಾದ ಸಾಲು ಬೇರೆಯೇ ಇತ್ತು: ಅದನ್ನು ಅವರಿಗೆ ಹೇಳುವ ಧೈರ್ಯ ನನಗಿಲ್ಲ.

ಮಸ್ಕತ್‌ನ ಅಲ್ ಖುವೈರ್‌ನಲ್ಲಿ ನಮ್ಮ ಫ್ಲಾಟು. ನನ್ನ ಅಪ್ಪನ ಹೆಸರು ಬೋಜ, ಇಲ್ಲಿರುವ ನಮ್ಮ ಊರಿನವರ ಸಂಘದ ಹಿರಿಯರು. ವರ್ಷಕ್ಕೊಮ್ಮೆ ಎಲ್ಲರನ್ನೂ ಸೇರಿಸಿ ಕಡಲತೀರ ಸ್ವಚ್ಛ ಮಾಡುವುದು ಅವರೇ ಶುರುಮಾಡಿದ ಕೆಲಸ. ಸೀಬ್ ಪಟ್ಟಣ ದಾಟಿ ಹೋದರೆ ಒಂದು ಖೋರ್ ಇದೆ, ಕಡಲಿನ ನೀರು ಒಳಬಂದು ನಿಲ್ಲುವ ಜಾಗ. ಇಳಿತದ ಹೊತ್ತಿಗೆ ಅಲ್ಲಿ ಮೆತ್ತನೆಯ ಕೆಸರು ಬಯಲು, ಮೊಣಕಾಲು ಮುಳುಗದ ನೀರಿನಲ್ಲಿ ಕಡಲಹುಲ್ಲು, ದಡದಲ್ಲಿ ಉಪ್ಪುನೀರಿನಲ್ಲೇ ಬೇರೂರುವ ಕಾಂಡ್ಲಾ ಗಿಡ. ನಾವು ಕರಾವಳಿಯವರು, ಅಂಗಳ ಗುಡಿಸದೆ ಬೆಳಗಿನ ಚಹಾ ಕುಡಿಯದವರು. ಹುಲ್ಲು ಕಂಡರೆ ಕೈ ಸುಮ್ಮನಿರುವುದಿಲ್ಲ. ಹೋದ ವರ್ಷ ಪ್ಲಾಸ್ಟಿಕ್ಕಿನ ಜೊತೆಗೆ ಆ ಹುಲ್ಲನ್ನೂ ಬಾಚಿ ನಾಲ್ಕು ಪಿಕಪ್ ತುಂಬಿಸಿದ್ದೆವು.

"ಈ ಸಲ ಆರು ಗಾಡಿ ಬೇಕು ಉಮರಬ್ಬಾ. ಒಂದು ಕಡ್ಡಿ ಉಳೀಬಾರ್ದು," ಎಂದು ಅಪ್ಪ ಹೊರಗಿನ ಕೋಣೆಯಲ್ಲಿ ಹೇಳುತ್ತಿದ್ದರು. ಅಪ್ಪನ ಗೆಳೆಯ ಉಮರಬ್ಬಾಕನಿಗೆ ಅಲ್ ಮಬೇಲಾದಲ್ಲಿ ಅಂಗಡಿ, ಗಾಡಿಗಳ ಏರ್ಪಾಡೆಲ್ಲ ಅವರದೇ. ಅವರ ಹೆಂಡತಿ ಹವ್ವಮ್ಮ ಆಂಟಿ ಒಳಗೆ ನನ್ನ ಹತ್ತಿರ ಬಂದು ಕೂತರು.

"ಎಂತ ಮೋಳೇ, ಮುಖ ಒಣಗಿದ ಬಂಗುಡೆ ಹಾಗೆ ಉಂಟು?"

ಅವರ ಹತ್ತಿರ ಮಾತು ಸುಲಭ. "ಆಂಟಿ, ನಾನು ಕಡಲಜೀವಿಗಳ ಬಗ್ಗೆ ಓದುವಾಗ ಒಡಿಶಾದ ಕಡಲಿಗೆ ಹೋಗಿದ್ದೆ, ಲಾಳದ ಏಡಿ ನೋಡ್ಲಿಕ್ಕೆ. ಚಿಪ್ಪು ಕುದುರೆಯ ಲಾಳದ ಹಾಗೆ, ಹಿಂದೆ ಸೂಜಿಯಂಥ ಬಾಲ."

"ಸಾರು ಮಾಡ್ಲಿಕ್ಕೆ ಆಗ್ತದಾ?"

"ಇಲ್ಲ."

"ಆಗ್ಲಿ, ಆದ್ರೂ ಹೇಳು."

"ತಾಯಿ ಮರಳಲ್ಲಿ ಮೊಟ್ಟೆ ಇಟ್ಟು ಹೊರಟುಹೋಗ್ತದೆ. ಮರಿ ನಮ್ಮ ಉಗುರಿಗಿಂತ ಚಿಕ್ಕದು. ನೀರಿಗಿಳಿದ ಮೇಲೆ ದಾರಿ ತೋರಿಸುವವರು ಯಾರೂ ಇಲ್ಲ."

"ಮತ್ತೆ ಮನೆ ಹೇಗೆ ಸಿಗ್ತದೆ?"

"ವಾಸನೆಯಿಂದ. ಕಡಲಹುಲ್ಲು ಬೆಳೆದ ಕಡೆಯ ನೀರಿಗೆ ಅದರದ್ದೇ ವಾಸನೆ ಇರ್ತದೆ. ಅಮೆರಿಕದ ಲಾಳದ ಏಡಿಯ ಮರಿಗಳನ್ನು ತೊಟ್ಟಿಯಲ್ಲಿ ಬಿಟ್ಟು ನೋಡಿದ್ದಾರೆ, ಆ ವಾಸನೆ ಬಂದ ಕಡೆಗೆ ತಿರುಗಿ ಹೋಗ್ತವಂತೆ. ಅಲ್ಲಿ ಅಲೆ ಕಡಿಮೆ, ತಿನ್ಲಿಕ್ಕೆ ಸಣ್ಣ ಹುಳ ಸಿಗ್ತದೆ, ದೊಡ್ಡ ಮೀನು ಬಂದ್ರೆ ಕೆಸರಲ್ಲಿ ಹೂತುಕೊಳ್ಬಹುದು. ದೊಡ್ಡದಾಗುವವರೆಗೆ ಅದೇ ಅವುಗಳ ಮನೆ."

"ನಮ್ಮ ಮಕ್ಕಳು ಮೀನು ಹುರಿದ ವಾಸನೆ ಹಿಡಿದು ಮೆಟ್ಟಿಲು ಹತ್ತುವ ಹಾಗೆ," ಎಂದರು ಆಂಟಿ.

"ಒಮಾನಿನಲ್ಲಿ ಲಾಳದ ಏಡಿ ಇಲ್ಲ ಆಂಟಿ. ಆದ್ರೆ ನಾವು ತಿನ್ನುವ ಏಡಿ, ಸಿಗಡಿಗಳ ಮರಿ ಬೆಳೆಯುವುದೂ ಇಂಥ ಹುಲ್ಲಿನಲ್ಲೇ. ನಾಳೆ ಅದನ್ನು ಕಿತ್ತರೆ..."

"ಮನೆಯೂ ಹೋಯ್ತು, ದಾರಿಯೂ ಹೋಯ್ತು." ಆಂಟಿ ಎದ್ದುನಿಂತರು. "ಇದನ್ನು ನನಗೆ ಹೇಳಿ ಎಂತ ಪ್ರಯೋಜನ? ಕೇಳ್ಬೇಕಾದವರು ಹೊರಗೆ ಕೂತಿದ್ದಾರೆ."

ನಾನು ಹೊರಗೆ ಹೋಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಖೋರಿನಲ್ಲಿ ಅರವತ್ತು ಜನ. ಅಪ್ಪನ ಕೈಯಲ್ಲಿ ಮೈಕು. "ಯಲ್ಲಾ, ಜುಮಾ ನಮಾಜಿಗೆ ಮೊದಲು ಖಲಾಸ್ ಮಾಡ್ಬೇಕು," ಎಂದು ಉಮರಬ್ಬಾಕ ಕಬ್ಬಿಣದ ಹಲ್ಲಿನ ರೇಕನ್ನು ನೀರಿಗಿಳಿಸಿ ಎಳೆದರು. ಮೊದಲ ರಾಶಿ ನನ್ನ ಕಾಲ ಬಳಿ ಬಿತ್ತು. ರಾಶಿ ಅಲುಗಾಡಿತು. ಮೆಂತೆ ಕಾಳಿನಷ್ಟು ಚಿಕ್ಕ ಏಡಿಮರಿಗಳು, ನಮ್ಮ ಮಾತಿನಲ್ಲಿ ಡೆಂಜಿ ಮರಿಗಳು, ಹುಲ್ಲಿನೊಳಗಿಂದ ಹೊರಬಂದು ನೀರಿನ ಕಡೆಗೆ ಅಡ್ಡಡ್ಡ ಓಡತೊಡಗಿದವು. ನಾನು ಕೂತು, ಎರಡೂ ಕೈಯಲ್ಲಿ ಹುಲ್ಲನ್ನು ಎತ್ತಿ ನೀರಿಗೆ ಹಾಕತೊಡಗಿದೆ.

"ಏ ಭವ್ಯಾ, ತೆಗೆದದ್ದನ್ನು ವಾಪಸ್ ಹಾಕುವುದಾ?" ಎಂದರು ಅಪ್ಪ.

"ಇದರಲ್ಲಿ ಡೆಂಜಿ ಮರಿ ಉಂಟು ಅಪ್ಪಾ."

"ಇರ್ಲಿ. ಡೆಂಜಿಗೆ ಅಷ್ಟು ದೊಡ್ಡ ಕಡಲು ಸಾಲದಾ?"

"ಆಳದಲ್ಲಿ ಇಷ್ಟು ಚಿಕ್ಕದನ್ನು ಮೀನು ಬಿಡುವುದಿಲ್ಲ. ಇವು ಬದುಕುವುದು ಈ ಹುಲ್ಲಿದ್ದರೆ ಮಾತ್ರ."

"ಬೋಜಣ್ಣಾ, ನಿಮ್ಮ ಮಗಳು ಡೆಂಜಿಗಳ ವಕೀಲೆ ಆದಳು," ಎಂದು ಉಮರಬ್ಬಾಕ ನಕ್ಕರು.

"ನೀವು ಸುಮ್ಮನಿರಿ," ಎಂದರು ಹವ್ವಮ್ಮ ಆಂಟಿ. "ಡೆಂಜಿ ರೋಸ್ಟ್ ಮಾಡಿದ್ರೆ ಚಟ್ಟಿ ಖಾಲಿ ಮಾಡುವವರು ಯಾರು?"

ಅಪ್ಪ ನಗಲಿಲ್ಲ. ಕುಕ್ಕರಗಾಲಿನಲ್ಲಿ ಕೂತು ಒಂದು ಹಿಡಿ ಹುಲ್ಲನ್ನು ಅಂಗೈ ಮೇಲೆ ಹರಡಿಕೊಂಡರು. ಮರಿಯೊಂದು ಅವರ ಹೆಬ್ಬೆರಳು ಹತ್ತಿ ನಿಂತಿತು.

"ಊರಲ್ಲಿ ನಮ್ಮ ಹೊಳೆಬದಿಯ ಕಾಂಡ್ಲಾ ಎಲ್ಲ ಕಡಿದ ಮೇಲೆ ಡೆಂಜಿ ಸಿಗುವುದೇ ನಿಂತಿತು," ಎಂದರು. "ನಾವು ಬಲೆ ಹಾಕುವವರನ್ನು ಬೈದೆವು."

ಕೈಯನ್ನು ನೀರಿಗೆ ಇಳಿಸಿ ಮರಿಯನ್ನು ಬಿಟ್ಟು ಎದ್ದರು. "ಉಮರಬ್ಬಾ, ರೇಕ್ ಎಲ್ಲ ಗಾಡಿಗೆ ಹಾಕು. ಗಾಡಿ ರಸ್ತೆಯಲ್ಲೇ ಇರ್ಲಿ, ಕೆಸರಿಗೆ ಬೇಡ."

"ಆರು ಪಿಕಪ್ ಕರೆಸಿದ್ದೀರಿ ಮಾರಾಯ್ರೇ."

"ಪ್ಲಾಸ್ಟಿಕ್ಕಿಗೆ ಒಂದು ಸಾಕು. ಉಳಿದದ್ದು ಖಾಲಿ ಹೋಗ್ಲಿ."

ಆಮೇಲೆ ಮೈಕನ್ನು ಬಾಯಿಗೆ ಹಿಡಿದರು. "ಎಲ್ಲರೂ ಈಚೆ ಬನ್ನಿ. ನನ್ನ ಮಗಳು ಇದನ್ನೇ ಓದಿದವಳು. ಇವತ್ತು ಅವಳು ಹೇಳಿದ ಹಾಗೆ ಕೆಲಸ." ನನಗೆ ಪದವಿ ಬಂದ ದಿನವೂ ಅವರ ದನಿ ಅಷ್ಟು ತುಂಬಿ ಬಂದದ್ದನ್ನು ನಾನು ಕೇಳಿರಲಿಲ್ಲ. ಮೈಕು ನನ್ನ ಕೈಗೆ ಬಂತು.

ಅಲ್ಲಿ ಹೇಳಿದ್ದನ್ನೇ ಈಗ ಓದುತ್ತಿರುವ ನಿಮಗೂ ಹೇಳುತ್ತೇನೆ. ತೀರಕ್ಕೆ ಹೋದಾಗ ಪ್ಲಾಸ್ಟಿಕ್, ಬಾಟಲಿ, ಹರಿದ ಬಲೆ ಹೆಕ್ಕಿ. ನೀರಿನಲ್ಲಿರುವ ಹುಲ್ಲನ್ನು ಕೀಳಬೇಡಿ. ದಡಕ್ಕೆ ಬಂದು ಬಿದ್ದ ಹುಲ್ಲೂ ಕಸವಲ್ಲ, ಹಾಗೇ ಬಿಡಿ. ಕಾಂಡ್ಲಾದ ಸಸಿಯನ್ನು ಕಳೆ ಎಂದುಕೊಳ್ಳಬೇಡಿ. ಇಳಿತದ ಕೆಸರಿಗೆ ಗಾಡಿ ಇಳಿಸಬೇಡಿ. ಆ ಮರಿಗಳಿಗೆ ದಾರಿ ಹೇಳಲು ತಾಯಿ ಇಲ್ಲ, ಆ ಹುಲ್ಲೊಂದೇ ಇರುವುದು.

ಜನ ಚಪ್ಪಾಳೆ ತಟ್ಟಿದರು. ಅಪ್ಪ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡುತ್ತಿದ್ದರು. ಅಲ್ಲಿಗೆ ಮೈಕನ್ನು ಹಿಂದಿರುಗಿಸಬಹುದಿತ್ತು. ನಾನು ಇನ್ನೂ ಹಿಡಿದುಕೊಂಡೇ ಇದ್ದೆ.

"ಇದು ಹೋದ ವರ್ಷವೂ ನನಗೆ ಗೊತ್ತಿತ್ತು," ಎಂದೆ. "ಗೊತ್ತಿದ್ದೂ ನಿಮ್ಮ ಜೊತೆ ನಾನೂ ಬಾಚಿದೆ."