ತುಟಿಮಾತಿನ ಗಲ್ಲಿ

"ಬುಟ್ಟಿ ಅಂತಿದಾಳೆ ಕಣೆ! ನೂಲಿನ ಬಾಬಿನ್ ಬುಟ್ಟಿ! ಇಷ್ಟೂ ಗೊತ್ತಾಗಲ್ವಾ ನಿನಗೆ?"

ಹಳೇ ಗಲ್ಲಿಯ ಎದುರುಮನೆ ದೊಡ್ಡಮ್ಮನ ದನಿಗೆ ಆಸ್ಪತ್ರೆ ವಾರ್ಡಿನ ಆರು ಮಂಚಗಳೂ ತಿರುಗಿ ನೋಡಿದವು. ನರ್ಸು ಬಾಗಿಲಿಗೆ ಬಂದು ತುಟಿಯ ಮೇಲೆ ಬೆರಳಿಟ್ಟು ಹೋದಳು. ದೊಡ್ಡಮ್ಮ ಕ್ಯಾರೇ ಅನ್ನಲಿಲ್ಲ. ಇಪ್ಪತ್ತಾರು ವರ್ಷ ಗಿರಣಿಯ ಮಗ್ಗಗಳ ನಡುವೆ ನಿಂತ ಕಿವಿ ಅದು. ತಾನು ಕೂಗುತ್ತಿದ್ದೇನೆ ಅನ್ನುವುದು ಕೂಗುವವರಿಗೇ ಗೊತ್ತಿರಲಿಲ್ಲ.

"ಬುಟ್ಟಿ ಅಂತ ನನಗೂ ಅನ್ನಿಸಿತು ದೊಡ್ಡಮ್ಮ," ಅಂದಳು ಮಗಳು. "ಮನೇಲಿರೋ ಬುಟ್ಟಿ ಎಲ್ಲ ತಂದು ತೋರಿಸಾಯ್ತು. ತೋರಿಸಿದ ಕೂಡ್ಲೆ ಅಮ್ಮ ಮುಖ ತಿರುಗಿಸ್ತಾಳೆ."

ದೊಡ್ಡಮ್ಮ ಬಗ್ಗಿ ಮಂಚದ ಕೆಳಗೆ ನೋಡಿದರು. ಬೆತ್ತದ್ದೊಂದು, ಒಗೆಯುವ ಬಟ್ಟೆಯ ಪ್ಲಾಸ್ಟಿಕ್ಕಿನದೊಂದು, ಪಕ್ಕದ ಮನೆಯಿಂದ ಕೇಳಿ ತಂದದ್ದೊಂದು. "ಅಂಗಡಿ ಇಟ್ಟಿದೀಯಲ್ಲೇ!" ಎಂದು ನಕ್ಕರು. ಮಗಳು ನಗಲಿಲ್ಲ. ಹನ್ನೆರಡು ದಿನದಿಂದ ಅವಳು ಅತ್ತೂ ಇರಲಿಲ್ಲ. ಹಲ್ಲು ಕೀಳಿಸಿದ ಮೇಲೆ ದವಡೆ ಮರಗಟ್ಟಿರುತ್ತದಲ್ಲ, ತನ್ನದೋ ಪರರದೋ ಗೊತ್ತಾಗದ ಹಾಗೆ, ಅಷ್ಟೂ ದಿನ ಅವಳು ಹಾಗೇ ಇದ್ದಳು.

ಹನ್ನೆರಡು ದಿನದ ಹಿಂದೆ ಲಕ್ವ ಹೊಡೆದು ಅಮ್ಮನ ಎಡಭಾಗ ಬಿದ್ದುಹೋಗಿತ್ತು. ಗಂಟಲಿಗೆ ನಳಿಗೆ ಹಾಕಿದ್ದರು, ತೆಗೆದರು, ದನಿ ಮಾತ್ರ ಅದರ ಜೊತೆಗೇ ಹೊರಟುಹೋಯಿತು. ಅಮ್ಮನಿಗೆ ಅಕ್ಷರ ಬಾರದು, ಬರೆದು ತೋರಿಸುವ ಹಾಗಿಲ್ಲ. ನಾಲ್ಕು ದಿನದಿಂದ ಕಣ್ಣು ಬಿಟ್ಟಾಗೆಲ್ಲ ತುಟಿ ಅದೊಂದೇ ಮಾತನ್ನು ಆಡುತ್ತಿತ್ತು.

ಇವತ್ತು ನಾಲ್ಕು ಗಂಟೆಗೆ ಮಂಚ ಖಾಲಿ ಮಾಡಬೇಕು. ಒಂದೋ ಮಗಳ ಮನೆ, ಇಲ್ಲವೇ ಊರಾಚೆಯ ಆರೈಕೆ ಮನೆ. ಅದರ ಕಾಗದ ಅವಳ ಚೀಲದಲ್ಲೇ ಇತ್ತು, ಸಹಿಯೊಂದೇ ಬಾಕಿ. ಬೇರೆ ಊರಿನಲ್ಲಿರುವ ಅಣ್ಣ ಫೋನಿನಲ್ಲಿ ಅಂದಿದ್ದ: "ಅಮ್ಮನ್ನೇ ಕೇಳು. ಅವಳು ಹೂಂ ಅಂದ್ರೆ ಸೈನ್ ಹಾಕು. ಆಮೇಲೆ ನನ್ನ ತಲೆ ಮೇಲೆ ಹಾಕ್ಬೇಡ." ಅವಳಿಗೂ ಬೇಕಾಗಿದ್ದದ್ದು ಅದೇ, ಅಮ್ಮನ ಬಾಯಿಂದ ಒಂದು ಹೂಂ. ಅವಳದು ಮೂರನೇ ಮಹಡಿಯಲ್ಲಿ ಒಂದೇ ಕೋಣೆ, ಲಿಫ್ಟಿಲ್ಲ. ಬೆಳಗ್ಗೆ ಆರಕ್ಕೆ ಹೋಟೆಲಿನ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕಲು ನಿಂತರೆ ಸಂಜೆ ಐದರವರೆಗೆ ಕೂರುವ ಹಾಗಿಲ್ಲ. ಅಮ್ಮನ ತುಟಿ ಸರಿಯಾಗಿ ಓದಬಲ್ಲವರು ಯಾರಾದರೂ ಉಳಿದಿದ್ದರೆ ಅದು ಹಳೇ ಗಲ್ಲಿಯವರೇ ಎಂದು ಹುಡುಕಿ, ಎರಡು ಬಸ್ಸು ಬದಲಿಸಿ ದೊಡ್ಡಮ್ಮನನ್ನು ಕರೆತಂದಿದ್ದಳು.

ಆ ಗಲ್ಲಿ ಈಗಿಲ್ಲ. ಗಿರಣಿ ಗೋಡೆಗೆ ಬೆನ್ನು ಕೊಟ್ಟು ಕೂತ ನಲವತ್ತೆರಡು ಮನೆ, ಎರಡು ನಲ್ಲಿ. ಬೇರೆ ಬೀದಿಗಳಲ್ಲಿ ಗುಟ್ಟನ್ನು ಪಿಸುಗುಡುತ್ತಾರೆ, ಜಗಳವನ್ನು ಕೂಗಾಡುತ್ತಾರೆ. ಇಲ್ಲಿ ಎಲ್ಲ ತಿರುವುಮುರುವು. ಉಪ್ಪು ಕೇಳುವುದಕ್ಕೆ ಊರಿಗೆಲ್ಲ ಕೇಳುವ ಹಾಗೆ ಕಿರುಚುತ್ತಿದ್ದರು. ಗುಟ್ಟು, ಜಗಳ, ಸಾವಿನ ಸುದ್ದಿ ಮಾತ್ರ ದನಿಯಿಲ್ಲದೆ ಬರೀ ತುಟಿಯಲ್ಲಿ ಬೀದಿ ದಾಟುತ್ತಿದ್ದವು. ಮಗ್ಗಗಳ ಆರ್ಭಟದಲ್ಲಿ ಕಲಿತ ವಿದ್ಯೆ ಅದು. ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ತುಟಿ ಬರುತ್ತಿತ್ತು. ಹೊಸಬರು ಯಾರಾದರೂ ಬಂದರೆ, ಇಬ್ಬರು ಹೆಂಗಸರು ಎದುರುಬದುರು ಹೊಸ್ತಿಲಲ್ಲಿ ನಿಂತು ಕೈ ಬೀಸಿ ಬಾಯಿ ತೆರೆದು ಸದ್ದಿಲ್ಲದೆ ಬೈದಾಡುವುದನ್ನು ಕಂಡು ಹೌಹಾರುತ್ತಿದ್ದರು.

"ಎಣ್ಣೆಯವನ ಕತೆ ನೆನಪಿದೆಯೇನೆ?" ಅಂದರು ದೊಡ್ಡಮ್ಮ, ಕುರ್ಚಿ ಎಳೆದುಕೊಂಡು. ಎಣ್ಣೆಯವನೆಂದರೆ ಮಗ್ಗಗಳಿಗೆ ಎಣ್ಣೆ ಬಿಡುತ್ತಿದ್ದವನು. "ಮೇಸ್ತ್ರಿಗೆ ಹಿಗ್ಗಾಮುಗ್ಗಾ ಬೈತಿದ್ದ. ಮೇಸ್ತ್ರಿ ಹಿಂದಿನಿಂದ ಬಂದು ಅವನ ಪಕ್ಕದಲ್ಲೇ ನಿಂತ. ನಿಮ್ಮಮ್ಮ ಆಚೆ ಕಡೆಯಿಂದ 'ಪಕ್ಕ ನಿಂತಿದೆ' ಅಂದ್ಲು. ಅವನು ಅದನ್ನ 'ಮಗ್ಗ ನಿಂತಿದೆ' ಅಂತ ಓದ್ಕೊಂಡ. ನೋಡು, ತುಟೀಲಿ ಎರಡೂ ಒಂದೇ! 'ನಿಂತ್ರೆ ನಿಲ್ಲಲಿ, ಒದ್ದು ರಿಪೇರಿ ಮಾಡ್ತೀನಿ' ಅಂದ!"

ಪಕ್ಕದ ಮಂಚದ ಹೆಂಗಸು ಕಿಸಕ್ಕನೆ ನಕ್ಕಳು. ಅಮ್ಮ ಕಣ್ಣು ಬಿಟ್ಟಳು. ತುಟಿಯ ಎಡ ತುದಿ ಜೋತಿತ್ತು. ಆದರೂ ಮತ್ತೆ ಅದೇ ಮಾತು ಬಂತು. ತುಟಿ ಮುಚ್ಚಿ, ಮುಂದೆ ಬಂದು, ನಾಲಿಗೆ ಅಂಗುಳಿಗೆ ತಾಗಿ, ಅಗಲವಾಯಿತು. ಬುಟ್ಟಿ.

ದೊಡ್ಡಮ್ಮ ನಗು ನಿಲ್ಲಿಸಿದರು. "ಎಣ್ಣೆಯವನ ಹಾಗೇ ನಾವೂ ಏನಾದ್ರೂ..." ಎಂದು ಮಂಚದ ಆ ಬದಿಗೆ ಹೋಗಿ ಅಮ್ಮನ ಎಡಗೈ ಎತ್ತಿದರು. ಬಿಟ್ಟರೆ ಅದು ದೊಪ್ಪನೆ ಬಿತ್ತು. "ಅಯ್ಯೋ! ಕೈ ಇಲ್ವಲ್ಲೇ ಇವಳಿಗೆ!"

"ಕೈಗೂ ಮಾತಿಗೂ ಏನು ದೊಡ್ಡಮ್ಮ?"

"ಎಣ್ಣೆಯವನು ಒಂದು ವಾರದ ಕೂಲಿ ಕಳ್ಕೊಂಡ ಮೇಲೆ ನಾವೇ ಕಟ್ಳೆ ಮಾಡ್ಕೊಂಡಿದ್ವಿ. ತುಟೀಲಿ ಪ, ಬ, ಮ ಮೂರೂ ಒಂದೇ ಅಲ್ವಾ, ಬ ಅಂದ್ರೆ ಭುಜ ಮುಟ್ಬೇಕು, ಮ ಅಂದ್ರೆ ಮೂಗು. ಪ ಅಂದ್ರೆ ಏನೂ ಇಲ್ಲ. ಬಲಗೈ ಮಗ್ಗದ ಮೇಲೆ, ಅದಕ್ಕೇ ಎಲ್ಲಾ ಎಡಗೈಲಿ. ಇವಳು ಹೇಗೆ ಮುಟ್ತಾಳೆ, ಪಾಪ!"

ದೊಡ್ಡಮ್ಮ ಆ ಸತ್ತ ಕೈಯನ್ನು ಹಿಡಿದು ಅಮ್ಮನ ಭುಜಕ್ಕೆ ತಾಗಿಸಿದರು. "ಇದಾ?" ಅಮ್ಮ ತಲೆಯಾಡಿಸಿದಳು, ಅಲ್ಲ. ಮೂಗಿಗೆ ತಾಗಿಸಿದರು. ಅದೂ ಅಲ್ಲ. ಕೈಯನ್ನು ಮೆಲ್ಲಗೆ ಹಾಸಿಗೆಯ ಮೇಲಿಟ್ಟು, ಖಾಲಿ ಅಂಗೈ ತೋರಿಸಿದರು. ಅಮ್ಮ ಕಣ್ಣು ಮುಚ್ಚಿ ತೆರೆದಳು, ಹೌದು.

"ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಪುಟ್ಟಿ ಅಂತಿದಾಳೆ! ನಿನ್ನನ್ನೇ ಕಣೆ ಕರೀತಿರೋದು, ನಾಲ್ಕು ದಿನದಿಂದ!"

ಗಲ್ಲಿಯಲ್ಲಿ ಮಗಳ ಹೆಸರು ಅದೇ ಆಗಿತ್ತು. ಗಲ್ಲಿ ಕೆಡವಿದಾಗ ಅವಳಿಗೆ ಹನ್ನೊಂದು ವರ್ಷ. ಹೊಸ ಕಟ್ಟಡದಲ್ಲಿ ಅಮ್ಮ ಶಾಲೆಯ ಹೆಸರು ಹಿಡಿದು, ದನಿಯಲ್ಲೇ ಕರೆಯತೊಡಗಿದಳು. ಪುಟ್ಟಿ ಅನ್ನುವವಳು ಗಲ್ಲಿಯಲ್ಲೇ ಉಳಿದುಬಿಟ್ಟಳು. ಅವರ ಮನೆ ಇದ್ದ ಜಾಗದಲ್ಲಿ ಈಗ ಎರಡು ಕಾರು ನಿಲ್ಲುತ್ತವೆ.

ಮಂಚಕ್ಕೆ ಹತ್ತಿರ ಬಂದು, ದನಿ ತೆಗೆಯದೆ, ತುಟಿಯಲ್ಲೇ ಕೇಳಿದಳು: ಏನಮ್ಮಾ?

ಅಮ್ಮನ ಮುಖ ಸಡಿಲಾಯಿತು. ನಾಲ್ಕು ದಿನ ಓಗೊಡದವಳು ಕೊನೆಗೆ ಓಗೊಟ್ಟಳು ಅನ್ನುವ ಹಾಗೆ. ತುಟಿ ಒಂದೊಂದೇ ಮಾತನ್ನು ಬಿಡಿಸಿ ಆಡಿತು. ದೊಡ್ಡಮ್ಮ ಬಾಯಿ ತೆರೆಯುವ ಮೊದಲೇ ಮಗಳು ಓದಿಕೊಂಡಿದ್ದಳು.

ಪುಟ್ಟಿ, ಮನೆಗೆ ಹೋಗು. ಬಿಸಿಲಲ್ಲಿ ನಿಲ್ಬೇಡ. ಪಾಳಿ ಮುಗಿಯೋಕೆ ಇನ್ನೂ ಹೊತ್ತಿದೆ.

ಚಿಕ್ಕವಳಿದ್ದಾಗ ಮಧ್ಯಾಹ್ನ ಊಟದ ಡಬ್ಬಿಯನ್ನು ಗಿರಣಿಯ ಕಾವಲುಗಾರನ ಕೈಗೆ ಕೊಟ್ಟ ಮೇಲೂ ಅವಳು ಗೇಟಿನ ಕಂಬಿ ಹಿಡಿದು ನಿಲ್ಲುತ್ತಿದ್ದಳು. ಮೇಲಿನ ಕಿಟಕಿಯ ಗಾಜಿನ ಹಿಂದೆ ನೂಲಿನ ಧೂಳು ಮೆತ್ತಿದ ಅಮ್ಮನ ಮುಖ ಬರುತ್ತಿತ್ತು, ಇದನ್ನೇ ಹೇಳುತ್ತಿತ್ತು, ಮರೆಯಾಗುತ್ತಿತ್ತು. ಹೇಳಿಸಿಕೊಳ್ಳಲೆಂದೇ ಅವಳು ನಿಲ್ಲುತ್ತಿದ್ದದ್ದು.

ಈಗ ಎದೆಯಲ್ಲಿ ಏನಾದರೂ ಆಗಬೇಕಿತ್ತು. ಆಗಲಿಲ್ಲ. ಗಡಿಯಾರ ನೋಡಿದಳು, ಮೂರೂವರೆ. ತುಟಿಯಲ್ಲೇ ಕೇಳಿದಳು: ಅಮ್ಮಾ, ನಿನ್ನನ್ನ ಬೇರೆ ಕಡೆ ಕಳಿಸ್ಲಾ? ಅಲ್ಲಿ ನೋಡ್ಕೋತಾರೆ.

ಅಮ್ಮ ಹುಬ್ಬು ಗಂಟಿಕ್ಕಿದಳು. ಮನೆಗೆ ಹೋಗು, ಅಂದಳು. ಕಣ್ಣು ಮುಚ್ಚಿದಳು.

"ದೊಡ್ಡಮ್ಮ, ಇದು ಹೂಂ ಅಂದಂತಾ, ಬೇಡ ಅಂದಂತಾ?"

"ಎರಡೂ ಅಲ್ಲ. ಅವಳು ಗಿರಣಿ ಒಳಗಿದಾಳೆ. ನಿನ್ನ ಕಾಗದದ ಸುದ್ದಿ ಅವಳಿಗೆ ಮುಟ್ಟಲ್ಲ. ಹೂಂ ಅಂತಲೋ ಬೇಡ ಅಂತಲೋ ನೀನೇ ಹೇಳ್ಬೇಕು ಮಗಳೇ."

"ನೀವು ಹೇಳಿ."

"ನಾನು ಮನೆಗೇ ಕರ್ಕೊಂಡ್ ಹೋಗು ಅಂತೀನಿ, ಬಾಯಿಗೇನು ಬಾಡಿಗೆಯಾ? ಹಗಲೆಲ್ಲ ಇವಳನ್ನ ಎರಡು ಗಂಟೆಗೊಂದ್ಸಲ ಮಗ್ಗುಲು ತಿರುಗಿಸೋರು ಯಾರು? ನನ್ನ ಮಂಡಿ ನಿನ್ನ ಮೊದಲನೇ ಮೆಟ್ಟಿಲನ್ನೇ ಹತ್ತಲ್ಲ."

ಹಿಂದೆ ಗಲ್ಲಿಯಲ್ಲಿ ಇಸ್ತ್ರಿಯವನ ಹೆಂಡತಿ ಎರಡು ವರ್ಷ ಹಾಸಿಗೆ ಹಿಡಿದಿದ್ದಳು. ಅವರ ಮನೆಯ ಬೀಗದ ಕೈ ಗಲ್ಲಿಯ ಮನೆಯಿಂದ ಮನೆಗೆ ಹೋಗುತ್ತಿತ್ತು. ಯಾರ ಮನೆಯ ಮೊಳೆಯಲ್ಲಿ ಅದು ನೇತಾಡುತ್ತದೋ ಆವತ್ತು ಅವಳನ್ನು ನೋಡಿಕೊಳ್ಳುವ ಸರದಿ ಅವರದು. ಅಮ್ಮನ ಸರದಿ ಬಂದ ದಿನ ಮಗಳೇ ಹೋಗಿ ಗಂಜಿ ಕುಡಿಸುತ್ತಿದ್ದಳು. ಆ ಹೆಂಗಸಿನ ಬೆನ್ನಲ್ಲಿ ಒಂದು ಹುಣ್ಣೂ ಆಗಲಿಲ್ಲವೆಂದು ಸತ್ತ ದಿನ ಗಲ್ಲಿಯೆಲ್ಲ ಹೆಮ್ಮೆಯಿಂದ ಹೇಳಿಕೊಂಡಿತ್ತು, ತುಟಿಯಲ್ಲಿ.

"ಗಲ್ಲಿ ಇದ್ದಿದ್ರೆ..." ಅಂದಳು ಮಗಳು.

"ಇದ್ದಿದ್ರೆ ಈ ಕಾಗದಾನೇ ಇರ್ತಿರ್ಲಿಲ್ಲ. ಇಲ್ವಲ್ಲ. ಬಿಡು."

ಮಗಳು ಚೀಲದಿಂದ ಕಾಗದ ತೆಗೆದು, ಅಮ್ಮನ ಕಾಲ ಬಳಿ ಹಾಸಿಗೆಯ ಮೇಲೆ ಹರಡಿದಳು. ಪೆನ್ನಿನ ಮುಚ್ಚಳ ತೆಗೆದಳು. ಅಡಿಯಲ್ಲಿ ಹಾಸಿಗೆ ಮೆತ್ತಗಿದ್ದದ್ದಕ್ಕೆ ನಿಬ್ಬು ಎರಡು ಕಡೆ ಕಾಗದವನ್ನು ತೂತು ಮಾಡಿತು. ಸಹಿ ಹಾಕಿದಳು.

ದೊಡ್ಡಮ್ಮ ಕಿಟಕಿಯ ಕಡೆ ನೋಡುತ್ತ ಕೂತಿದ್ದರು. ಆಮೇಲೆ ಈ ಸಲ ಮೆಲ್ಲಗೆ, ಎಂದರೆ ಬರೀ ಮೂರು ಮಂಚಕ್ಕೆ ಕೇಳುವ ಹಾಗೆ ಕೇಳಿದರು: "ಭಾನುವಾರ ಬರ್ತೀನಿ ಅಲ್ಲಿಗೆ. ಬಸ್ಸು ಯಾವ ನಂಬರು?"

"ಗೊತ್ತಿಲ್ಲ ದೊಡ್ಡಮ್ಮ. ಕೇಳ್ಬೇಕು."

ಕಾಗದ ಮಡಿಚುವಾಗ ಪೆನ್ನಿನ ಮುಚ್ಚಳ ಜಾರಿ ನೆಲಕ್ಕೆ ಬಿದ್ದು ಮಂಚದ ಕೆಳಗೆ ಉರುಳಿತು. ಮಗಳು ಮಂಡಿಯೂರಿ ಒಳಗೆ ಕೈ ಚಾಚಿದಳು. ಅಲ್ಲಿ ನೆಲ ತಣ್ಣಗಿತ್ತು. ಮುಚ್ಚಳ ಬುಟ್ಟಿಗಳ ಹಿಂದೆ, ಗೋಡೆಯ ಬದಿಗೆ ಹೋಗಿ ನಿಂತಿತ್ತು. ಅದನ್ನು ಹಿಡಿದಳು. ಹಿಡಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇದ್ದಳು. ಆಮೇಲೆ ಎದ್ದು, ಮುಚ್ಚಳವನ್ನು ಪೆನ್ನಿಗೆ ಹಾಕಿ, ಸೀರೆಯ ಮಂಡಿಯ ಬಳಿ ಅಂಟಿದ ಧೂಳನ್ನು ಕೊಡವಿಕೊಂಡಳು.