ಅಬ್ಬಾ ಹಾಕಿದ ಕಂಡೆನ್ಸರ್

ಗಾದಿಲಿಂಗಣ್ಣ ಮೂರನೇ ಸಲ ಆ ಗಿಟಾರ್ ಆಂಪ್ಲಿಫೈಯರ್ ಹೊತ್ತುಕೊಂಡು ನಮ್ಮ ರಿಪೇರಿ ಅಂಗಡಿಯ ಮೆಟ್ಟಿಲು ಹತ್ತುವುದನ್ನು ಕಂಡಾಗಲೇ ನನ್ನ ಮೈ ಉರಿಯಿತು. ಅವನ ಮೇಲಲ್ಲ. ಪಾಪ, ಬಳಗಾನೂರಿನಿಂದ ಸಿಂಧನೂರಿನವರೆಗೆ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದ. ಸಿಟ್ಟು ಬಂದದ್ದು ಒಳಗೆ ಆರಾಮಾಗಿ ಚಹಾ ಕುಡಿಯುತ್ತ ಕೂತಿದ್ದ ನನ್ನ ಅಬ್ಬಾನ ಮೇಲೆ.

"ನಗ್ಮಾ ತಂಗಿ, ಮತ್ತ ಅದ ರಾಗ, ಅದ ಹಾಡು," ಎಂದು ಅವನು ಆಂಪ್ಲಿಫೈಯರನ್ನು ಟೇಬಲ್ಲಿನ ಮೇಲಿಟ್ಟ. "ಮೊನ್ನೆ ಲಿಂಗಸೂರಾಗ ಮುದುಕಮ್ಮ ಹಾಡೂದು ಅರ್ಧಕ್ಕ ನಿಲ್ಲಿಸಿ ಕಿವಿ ಮುಚ್ಕೊಂಡ್ಲು. ಎಲ್ಲಾರ ಮುಂದ, 'ಇದನ್ನ ಬಾರಿಸೂದಿದ್ರ ನನ್ನ ಬಾಜೂಕ ಕುಂದ್ರಬ್ಯಾಡಪ್ಪಾ' ಅಂದುಬಿಟ್ಲು."

ಮುದುಕಮ್ಮ ತುರ್ವಿಹಾಳದವಳು, ತತ್ವಪದ ಹಾಡುವಾಕೆ. ಆಕೆಯ ಮೇಳದಲ್ಲಿ ಹಾರ್ಮೋನಿಯಂ, ತಬಲಾಗಳ ನಡುವೆ ಗಿಟಾರ್ ಹಿಡಿದು ಕೂರುವವನು ಗಾದಿಲಿಂಗಣ್ಣ. ಅವನಿಗೆ ಆರ್ಭಟ ಬೇಕಿರಲಿಲ್ಲ. ತಂತಿ ಮೀಟಿದರೆ ತಂತಿಯ ದನಿ ದುಂಡಗೆ, ಶುದ್ಧವಾಗಿ, ಆಕೆಯ ಹಾಡಿನ ಕೆಳಗೆ ಕೇಳಬೇಕು. ಇಷ್ಟೇ. ಇಷ್ಟಕ್ಕೆ ಎರಡು ತಿಂಗಳು!

ಆಂಪ್ಲಿಫೈಯರಿನ ರೋಗ ಏನೆಂದು ನನಗೆ ಮೊದಲ ದಿನವೇ ಗೊತ್ತಾಗಿತ್ತು. ವಾಲ್ಯೂಮ್ ಗುಂಡಿಯ ಬೆನ್ನಿಗೆ ತೊಗರಿಬೇಳೆಯಷ್ಟು ಒಂದು ಕಂಡೆನ್ಸರ್. ದನಿ ಮಿಂಚಲಿ ಎಂದು ಕಂಪನಿಯವರೇ ಹಾಕಿದ್ದು. ವಾಲ್ಯೂಮ್ ಎಷ್ಟು ತಗ್ಗಿಸಿದರೂ ಚುಚ್ಚುವ ಕೀರಲು ದನಿ ಮಾತ್ರ ಅದರೊಳಗಿಂದ ನುಸುಳಿ ಬರುತ್ತದೆ. ಅದನ್ನು ಕಿತ್ತೆ. ಸುಯ್ಯೆನ್ನುತ್ತಿದ್ದ ಹಳೇ ಐಸಿ ಚಿಪ್ಪು ತೆಗೆದು ಒಳ್ಳೆಯದೊಂದು ಹಾಕಿದೆ. ಗಾದಿಲಿಂಗಣ್ಣ ಒಂದು ತಂತಿ ಮೀಟಿ, "ಇದ ನೋಡವಾ, ಇದ!" ಎಂದು ಕಣ್ಣು ಮುಚ್ಚಿದ. ಮರುದಿನ ಒಯ್ಯುತ್ತೇನೆಂದು ಬಿಟ್ಟು ಹೋದ. ಮರುದಿನ ನಾನು ಅಂಗಡಿಗೆ ಬರುವುದರೊಳಗೆ ಅಬ್ಬಾ ಆ ಕಂಡೆನ್ಸರನ್ನು ಮರಳಿ ಕೂರಿಸಿ ಕೊಟ್ಟು ಕಳಿಸಿದ್ದರು. ಎರಡನೇ ಸಲವೂ ಇದೇ ಕಥೆ. ಸಾಲದ್ದಕ್ಕೆ ಮೊದಲಿನದಕ್ಕಿಂತ ದೊಡ್ಡದನ್ನೇ ಹಾಕಿದ್ದರು.

ಸಿಂಧನೂರು, ಲಿಂಗಸುಗೂರು, ಮಸ್ಕಿ, ಈ ಮೂರೂ ಕಡೆ ನನ್ನ ಅಬ್ಬಾ ಇಸ್ಮಾಯಿಲ್‌ಸಾಬರ ಕಿವಿ ಎಂದರೆ ದೊಡ್ಡ ಹೆಸರು. ಮೂವತ್ತು ವರ್ಷದಿಂದ ಮಸೀದಿ, ಗುಡಿ, ಮದುವೆ, ಡಿಜೆ, ಎಲ್ಲದರ ಮೈಕ್ ಸೆಟ್ಟೂ ಇಲ್ಲೇ ರಿಪೇರಿ. ಮೀಟರ್ ಮುಟ್ಟದೆ, ಬರೀ ಕಿವಿಗೊಟ್ಟು ಕೇಳಿ ಇಂಥದೇ ಕೆಟ್ಟಿದೆ ಎಂದು ಹೇಳುತ್ತಿದ್ದರು. ಹಾಗೇ ಇರುತ್ತಿತ್ತು. ಅವರಿಗಿದ್ದ ಆಸ್ತಿ ಅದೊಂದೇ, ಅದರ ಮೇಲೆ ಅವರಿಗೆ ಅಷ್ಟೇ ಅಭಿಮಾನ. ನಾನು ಐಟಿಐ ಮುಗಿಸಿ ಏಳು ವರ್ಷ ಪಕ್ಕದಲ್ಲಿ ಕೂತು ಕೆಲಸ ಮಾಡಿದರೂ ಕೊನೆಯ ಪರೀಕ್ಷೆ ಅವರದೇ. ಅವರು ಹೂಂ ಎನ್ನದೆ ಒಂದು ಸೆಟ್ಟೂ ಮೆಟ್ಟಿಲು ಇಳಿಯುವುದಿಲ್ಲ.

ನಾನು ಬೋರ್ಡ್ ಬಿಚ್ಚಿ ಕಂಡೆನ್ಸರನ್ನು ಮತ್ತೆ ಕಿತ್ತೆ. ಅಬ್ಬಾ ಚಹಾದ ಲೋಟ ಕೆಳಗಿಟ್ಟರು.

"ಅದಿಲ್ದ ದನಿ ಗೋಣಿಚೀಲ ಹೊದಿಸಿದಂಗ ಕೇಳತೈತಿ. ಸತ್ತ ದನಿ. ನನ್ನ ಅಂಗಡಿಯಿಂದ ಸತ್ತ ದನಿ ಹೊರಗ ಹೋಗಂಗಿಲ್ಲ."

"ಅದು ಸತ್ತದ್ದಲ್ಲ ಅಬ್ಬಾ, ಮೆತ್ತಗಿನ ದನಿ! ಆತಗ ಬೇಕಾಗಿದ್ದ ಅದು!"

"ನನ್ನ ಕಿವಿಗೆ ನೀ ಪಾಠ ಹೇಳ್ತೀಯೇನು?"

"ಮುದುಕಮ್ಮ ಎಲ್ಲಾರ ಮುಂದ ಕಿವಿ ಮುಚ್ಕೊಂಡಾಳ್ರಿ!"

"ಆಕೀಗೆ ವಯಸ್ಸಾಗೈತಿ. ಕಿವಿ ಕೆಟ್ಟಾವು."

ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಜೊತೆ ಏನು ವಾದ ಮಾಡುವುದು? ಆದರೂ ಮಾಡಿದೆ. ದನಿ ಏರಿಸಿಯೇ ಮಾಡಿದೆ. "ಚುಪ್ ಬೈಠ್!" ಎಂದು ಅಬ್ಬಾ ಗದರಿದರು. ಗಿರಾಕಿಯ ಎದುರು ಕನ್ನಡ ಬಿಟ್ಟು ಮನೆಮಾತಿಗೆ ಇಳಿದರೆಂದರೆ ಸಿಟ್ಟು ನೆತ್ತಿಗೇರಿದೆ ಎಂದೇ ಅರ್ಥ.

ಗಾದಿಲಿಂಗಣ್ಣ ನಡುವೆ ಸಿಕ್ಕು ಕೈ ಹಿಸುಕಿಕೊಂಡ. "ಚಾಚಾ, ಐದು ಗಂಟೇಕ್ಕ ಮಸ್ಕಿಯಾಗ ಹಾಡೈತ್ರಿ. ಇವತ್ತು ಮತ್ತ ಕೆಟ್ರ ಆಕಿ ನನ್ನ ಮ್ಯಾಳದಾಗ ಇಟ್ಕೊಳ್ಳಂಗಿಲ್ಲ."

"ಅದಕ್ಕ ಸರಿ ಮಾಡಾಕತ್ತೀನಪ್ಪಾ," ಎಂದು ಅಬ್ಬಾ ನನ್ನ ಕೈಯಿಂದ ಕಂಡೆನ್ಸರ್ ಕಸಿದುಕೊಂಡು, ತಮ್ಮ ಕೈಯಾರೆ ಮತ್ತೆ ಬೆಸುಗೆ ಹಾಕಿದರು. ಅಷ್ಟರಲ್ಲಿ ಮಧ್ಯಾಹ್ನದ ಅಜಾನ್ ಆಯಿತು. "ನಾ ಬಂದ ಮ್ಯಾಲೆ ಚೆಕ್ ಮಾಡೂಣು, ಯಾರೂ ಮುಟ್ಟಬ್ಯಾಡ್ರಿ," ಎಂದು ಹೇಳಿ ನಮಾಜಿಗೆ ಹೋದರು.

ಅವರು ತಿರುವು ದಾಟುವುದನ್ನೇ ಕಾದೆ. ಕಟರ್ ತೆಗೆದುಕೊಂಡು ಕಂಡೆನ್ಸರಿನ ಒಂದು ತಂತಿಕಾಲನ್ನು ಬುಡದಲ್ಲಿ ಕಚಕ್ಕನೆ ಕತ್ತರಿಸಿದೆ. ಮೇಲಿನಿಂದ ನೋಡಿದರೆ ಅದು ಮೊದಲಿನಂತೆಯೇ ನಿಂತಿತ್ತು. ಆದರೆ ಈಗ ಅದು ಇದ್ದರೂ ಇಲ್ಲದ ಹಾಗೆ.

"ಏನ್ ಮಾಡಿದಿ ತಂಗಿ?" ಗಾದಿಲಿಂಗಣ್ಣ ಗಾಬರಿಯಾದ.

"ಸುಮ್ನ ಬಾರಿಸ್ರಿ. ಅಬ್ಬಾ ಸತ್ತ ದನಿ ಅಂದ್ರ, ನೀವು ಇದನ್ನ ಹೊತ್ಕೊಂಡು ಓಡಿ ಹೋಗ್ರಿ. ಈಗ ಸರಿ ಆತು ಅಂದ್ರ, ಕತ್ತರಿಸಿದ ಕಾಲು ತೋರಿಸ್ತೀನಿ. ಒಂದ್ಸಲನಾದ್ರೂ ಅವರ ಬಾಯಿ ಮುಚ್ಚಸ್ತೀನಿ."

ಹೌದು, ಸೋಲಿಸಬೇಕು ಎಂದೇ ಇತ್ತು ನನಗೆ. ಅದೂ ಗಿರಾಕಿಯ ಎದುರಿಗೇ. ಎಷ್ಟು ವರ್ಷ ಅಂತ ಸಹಿಸುವುದು?

ಅಬ್ಬಾ ಬಂದರು. ಮೊದಲು ಬಗ್ಗಿ ಬೋರ್ಡ್ ನೋಡಿದರು, ಕಂಡೆನ್ಸರ್ ಇದ್ದಲ್ಲೇ ಇದೆ ಎಂದು ಖಾತ್ರಿ ಮಾಡಿಕೊಂಡರು. ಆಮೇಲೆ ಸ್ಪೀಕರಿನ ಪಕ್ಕ ಕೂತು ಕಿವಿ ಕೊಟ್ಟರು. ಗಾದಿಲಿಂಗಣ್ಣ ಮೀಟಿದ. ದನಿ ದುಂಡಗೆ, ತಣ್ಣಗೆ ಹೊರಟಿತು.

"ಹಾಂ! ಬಂತು ನೋಡು ಜೀವ!" ಅಬ್ಬಾನ ಮುಖ ಅರಳಿತು. "ಆ ಮಿಂಚು ಕೇಳಿದೇನು ನಗ್ಮಾ? ಇದಕ್ಕ ಅನ್ನೂದು ಕಂಡೆನ್ಸರ್ ಬೇಕಂತ!"

ಸಿಕ್ಕಿಬಿದ್ದರು! ನಾನು ಟಾರ್ಚ್ ಕೈಗೆತ್ತಿಕೊಂಡೆ. "ಅಬ್ಬಾ, ಸ್ವಲ್ಪ ಇಲ್ಲಿ..." ಎನ್ನುವುದರೊಳಗೆ ಅವರು ಹುರುಪಿನಲ್ಲಿ ಟ್ರೆಬಲ್ಲು, ವಾಲ್ಯೂಮು ಎರಡನ್ನೂ ಪೂರ್ತಿ ತಿರುವಿದರು. ಗಿಟಾರ್ ಸ್ಪೀಕರಿಗೆ ಎದುರಾಗಿಯೇ ಇತ್ತು. ಸೂಜಿಯಂಥ ಒಂದು ಸಿಳ್ಳೆ ಎದ್ದು ಅಂಗಡಿ ತುಂಬಿತು. ಗಾದಿಲಿಂಗಣ್ಣ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. ಎದುರಿನ ಜೆರಾಕ್ಸ್ ಅಂಗಡಿಯ ಶೇಖರಮ್ಮ, "ಏ, ಬಂದ್ ಮಾಡ್ರೋ ಅದನ್ನ!" ಎಂದು ರಸ್ತೆಯಾಚೆಯಿಂದ ಕೂಗಿದಳು.

ಅಬ್ಬಾನ ಕಿವಿ ಸ್ಪೀಕರಿನಿಂದ ಒಂದು ಗೇಣು ದೂರದಲ್ಲಿತ್ತು. ಅವರು ನಗುತ್ತಲೇ ಇದ್ದರು.

"ಯಾಕ ನಿಲ್ಲಿಸಿದಿ? ಬಾರಿಸಪ್ಪಾ," ಎಂದರು.

ಇಷ್ಟು ದಿನ ಹಠ ಎಂದುಕೊಂಡಿದ್ದೆ. ಹಠ ಅಲ್ಲ. ಅವರಿಗೆ ಕೇಳಿಸುತ್ತಿರಲಿಲ್ಲ. ಮೂವತ್ತು ವರ್ಷ ಲೌಡ್‌ಸ್ಪೀಕರ್ ಹಾರ್ನುಗಳ ಬಾಯಿಗೆ ಕಿವಿ ಕೊಟ್ಟು ಕೊಟ್ಟು, ಕೀರಲು ದನಿಯೆಲ್ಲ ಅವರ ಪಾಲಿಗೆ ಯಾವಾಗಲೋ ಮುಗಿದುಹೋಗಿತ್ತು. ಅದಕ್ಕೇ ಅವರಿಗೆ ಎಲ್ಲವೂ ಗೋಣಿಚೀಲ ಹೊದ್ದಂತೆ ಕೇಳುತ್ತಿತ್ತು. ಕಂಡೆನ್ಸರ್ ಕಣ್ಣಿಗೆ ಕಂಡರೆ ಸಾಕು, ಮಿಂಚು ಕೇಳಿದಂತಾಗುತ್ತಿತ್ತು. ಇದು ಅವರಿಗೇ ಗೊತ್ತಿರಲಿಲ್ಲ. ನನ್ನ ಸಿಟ್ಟು ಇಳಿಯಲಿಲ್ಲ, ಯಾರ ಮೇಲೆ ಮಾಡಬೇಕೆಂದು ಮಾತ್ರ ತಿಳಿಯಲಿಲ್ಲ. ಅಳು ಬಂತು. ಅಳು ಬಂದದ್ದಕ್ಕೂ ಸಿಟ್ಟು ಬಂತು.

ವಾಲ್ಯೂಮ್ ತಗ್ಗಿಸಿದೆ. ಗಾದಿಲಿಂಗಣ್ಣ ನನ್ನ ಕೈಯಲ್ಲಿದ್ದ ಟಾರ್ಚ್ ನೋಡಿದ, ಅಬ್ಬಾನ ಮುಖ ನೋಡಿದ. ಅವನಿಗೂ ತಿಳಿಯಿತು. ಗಿಟಾರನ್ನು ಮೆಲ್ಲಗೆ ಚೀಲಕ್ಕೆ ಹಾಕುತ್ತ, "ಚಾಚಾ, ನಿಮ್ಮ ಕಿವಿ ಅಂದ್ರ ಕಿವಿ ಬಿಡ್ರಿ," ಎಂದ.

ಅಬ್ಬಾ ನನ್ನ ಕಡೆ ತಿರುಗಿದರು. "ಕೇಳಿದೇನು? ಈಗರ ಒಪ್ಗೋ."

ಟಾರ್ಚನ್ನು ಟೇಬಲ್ಲಿನ ಮೇಲಿಟ್ಟೆ. ನಾನು ಹುಟ್ಟಿದಾಗಿನಿಂದ ಯಾರಿಗೂ ಸುಮ್ಮನೆ ಸೋತವಳಲ್ಲ.

"ಹೌದ್ರಿ ಅಬ್ಬಾ. ನಂದ ತಪ್ಪು."

ಗಾದಿಲಿಂಗಣ್ಣ ಆಂಪ್ಲಿಫೈಯರ್ ಹೊತ್ತು ಮಸ್ಕಿ ಬಸ್ಸಿಗೆ ಹೋದ. ಅಬ್ಬಾ ಖುಷಿಯಲ್ಲಿ ಏನೋ ಗುನುಗುತ್ತ, ನಾನು ನಿನ್ನೆಯೇ ಮುಗಿಸಿಟ್ಟಿದ್ದ ದಢೇಸುಗೂರಿನವರ ಸೆಟ್ಟನ್ನು ಮುಂದಕ್ಕೆಳೆದುಕೊಂಡು ಕಿವಿ ಕೊಟ್ಟರು.

"ಇದೂ ಸತ್ತಂಗ ಕೇಳತೈತಿ ನೋಡು. ತಡಿ, ಇದಕ್ಕೂ ಒಂದು ಹಾಕಿಬಿಡ್ತೀನಿ," ಎಂದು ಬೆಸುಗೆ ಕಡ್ಡಿ ಕಾಯಲು ಹಚ್ಚಿದರು.

ಮುಂದಿನ ನಮಾಜಿಗೆ ಇನ್ನೂ ಎರಡು ತಾಸು ಇತ್ತು. ಕಟರನ್ನು ದುಪಟ್ಟಾದ ಕೆಳಗಿಟ್ಟುಕೊಂಡು ನಾನು ಕಾಯುತ್ತ ಕೂತೆ.